ಸೂತಕದ ಮನೆಗೆ ಹೇಳದ ನೋಟಿಸು

ಮೈದಾಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಬೇಕು. ಆಮೇಲೆ ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುಗಿಸಬೇಕು. ಹಿಟ್ಟು ಬೆಂದು ಕನ್ನಡಿಯ ಹಾಗೆ ಹೊಳೆಯಲು ಶುರುವಾದಾಗ ಇಳಿಸಿದರೆ ಅಂಟು ಸರಿಯಾಗಿ ಬಂತು ಎಂದು ಲೆಕ್ಕ. ಗೋಡೆಗೆ ಒಂದು ಸಲ ಬಳಿದು, ಕಾಗದ ಇಟ್ಟು, ಅದರ ಮೇಲೆ ಇನ್ನೊಂದು ಸಲ ಬಳಿಯಬೇಕು. ಹಸುವಿನ ಬಾಯಿಗೆ ಎಟುಕದ ಎತ್ತರಕ್ಕೆ ಅಂಟಿಸಬೇಕು, ಇಲ್ಲದಿದ್ದರೆ ಸರ್ಕಾರದ ಮಾತನ್ನು ಹಸು ತಿಂದು ಹೋಗುತ್ತದೆ. ಹಾಗೆಂದು ಮನುಷ್ಯರ ಕಣ್ಣಿಗೆ ಎಟುಕದಷ್ಟು ಮೇಲೂ ಅಂಟಿಸಬಾರದು.

ಇದು ನನ್ನ ಕೆಲಸವಾಗಿತ್ತು. ಉದಯಗಿರಿಯ ಆಚೆ ಬದಿಯಲ್ಲಿ ನಮ್ಮ ವಾರ್ಡ್ ಆಫೀಸು. ಅದರ ಅಂಗಳವನ್ನೂ ಸುತ್ತಲಿನ ಬೀದಿಗಳನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಗುಡಿಸಿದೆ. ನೋಟಿಸು ಅಂಟಿಸುತ್ತಿದ್ದ ಗಂಡಸು ಕೆಲಸ ಬಿಟ್ಟ ಮೇಲೆ ಅಲ್ಲಿನ ಗುಮಾಸ್ತರು ಕಾಗದದ ಕಟ್ಟನ್ನು ನನ್ನ ಕೈಗೆ ಕೊಟ್ಟರು. ನನಗೆ ಓದಲು ಬರುತ್ತದೆಯೇ ಎಂದು ಅವರು ಕೇಳಲಿಲ್ಲ. ಅಂಟಿಸುವುದಕ್ಕೆ ಓದು ಯಾಕೆ?

ಶಾಲೆಯ ಜಗಲಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದಾಗ ಮೂರು ತಿಂಗಳು ಹೋಗಿ ಹೆಸರು ಬರೆಯಲು ಕಲಿತಿದ್ದೆ. ಉಳಿದದ್ದನ್ನು ಗೋಡೆಯಿಂದ ಕಲಿತೆ. ನೋಟಿಸು ಎಂದರೆ ಶುರು ಒಂದೇ ಥರ ಇರುತ್ತದೆ, ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ ಎಂದು. ನೂರು ಸಲ ಅದನ್ನೇ ಕಂಡು ಅದರ ಆಕಾರ ಕಣ್ಣಿಗೆ ಕೂತಿತು. ಕೆಳಗಿನ ಸಾಲುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಕೊನೆಯ ದಿನ ಯಾವುದು ಎಂಬುದು ಯಾವಾಗಲೂ ತಳದಲ್ಲಿರುತ್ತದೆ. ನಾನು ಮೊದಲು ನೋಡುವುದು ಆ ತಳದ ಸಾಲನ್ನು. ಈಗಲೂ ಹಾಗೇ.

ನಮ್ಮ ಬೀದಿಯವರು ಗೋಡೆ ನೋಡುವವರಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಕೊಡ ಸಾಲಿಗಿಟ್ಟು ನಿಂತಿರುತ್ತಿದ್ದರು. ಅಲ್ಲಿ ನಾನು ಹೇಳುತ್ತಿದ್ದೆ. ನಾಡಿದ್ದು ನೀರಿಲ್ಲ, ಪೈಪು ರಿಪೇರಿ. ಬೀದಿನಾಯಿಗಳಿಗೆ ಸೂಜಿ ಹಾಕಲು ಬರುತ್ತಾರೆ, ಸಾಕಿದ ನಾಯಿ ಕಟ್ಟಿಕೊಳ್ಳಿ. ಹಸಿ ಕಸ ಒಣ ಕಸ ಬೇರೆ ಮಾಡದಿದ್ದರೆ ಗಾಡಿಯವರು ಮುಟ್ಟುವುದಿಲ್ಲ. ಕಾನೂನು ಮಾಡಿದವಳು ನಾನೇ ಎನ್ನುವ ಹಾಗೆ ಜನ ನನ್ನ ಮೇಲೆ ರೇಗುತ್ತಿದ್ದರು. ಒಬ್ಬಳಂತೂ ದಿನಾ ಕೆಣಕುವವಳು.

"ಹಸಿ ಕಸ ಬಿಸಿಲಿಗೆ ಒಣಗೋದ್ರೆ ಯಾವ ಬಕೆಟ್ಟಿಗಾಕೋದು, ನಿಮ್ಮಾಫೀಸಲ್ಲಿ ಕೇಳ್ಕೊಂಡ್ ಬಾರಮ್ಮ" ಎಂದಳು.

"ನಿನ್ ತಲೆ ಮೇಲೆ ಹಾಕ್ಕೋ, ಅದೂ ಒಣಗೇ ಐತೆ" ಎಂದೆ.

ಹೀಗೆ ನಡೆಯುತ್ತಿತ್ತು. ಆದರೆ ಕೊನೆಯ ದಿನ ಇರುವ ನೋಟಿಸು ಬಂದರೆ ನಲ್ಲಿಯ ಹತ್ತಿರ ಹೇಳಿ ಸುಮ್ಮನಾಗುತ್ತಿರಲಿಲ್ಲ. ಮನೆಮನೆಗೂ ಹೋಗಿ ಹೇಳುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ಸಂಬಳಕ್ಕೆ ಸೇರಿದ್ದೂ ಅಲ್ಲ. ಒಂದು ಸಲ ಹೋದೆ, ಆಮೇಲೆ ಹೋಗದಿದ್ದರೆ ಜನ ಕೇಳುವಂತಾಯಿತು. ನಮ್ಮ ಬೀದಿಗೆ ತಿಳಿಯಬೇಕಾದದ್ದು ನನ್ನ ಬಾಯಿಂದ ತಿಳಿಯುತ್ತದೆ ಎಂಬ ಜಂಬ ನನಗಿತ್ತು. ಈಗ ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಒಂದು ಕಟ್ಟುಪಾಡು ಮಾತ್ರ ಮಾಡಿಕೊಂಡಿದ್ದೆ. ಸಾವಾದ ಮನೆಗೆ ಹನ್ನೊಂದು ದಿನ ಕಳೆಯುವವರೆಗೆ ಕಾಗದಪತ್ರದ ಸುದ್ದಿ ಒಯ್ಯಬಾರದು. ಅದಕ್ಕೆ ಕಾರಣವಿತ್ತು. ನನ್ನ ಗಂಡ ಸತ್ತ ಐದನೇ ದಿನ ಯಾರೋ ಒಬ್ಬ ಚೀಲ ನೇತುಹಾಕಿಕೊಂಡು ಬಂದು, ಇಲ್ಲಿ ಹೆಬ್ಬೆಟ್ಟು ಒತ್ತಮ್ಮ ಎಂದು ಹೊಸ್ತಿಲ ಮೇಲೆ ಕಾಗದ ಹರಡಿದ್ದ. ನಮ್ಮತ್ತೆ ಪೊರಕೆ ಹಿಡಿದು ಬೀದಿ ತಿರುವಿನವರೆಗೂ ಅಟ್ಟಿಕೊಂಡು ಹೋಗಿದ್ದರು. ನಮ್ಮ ಕಡೆ ಸೂತಕದಲ್ಲಿ ದೇವರಿಗೆ ದೀಪ ಹಚ್ಚುವುದಿಲ್ಲ, ಇನ್ನೊಬ್ಬರ ಮನೆ ಮೆಟ್ಟುವುದಿಲ್ಲ, ಹೊರಗಿನವರೂ ಕೆಲಸದ ಮಾತು ಎತ್ತಿಕೊಂಡು ಬರುವುದಿಲ್ಲ. ಎಲ್ಲರ ಮನೆಯಲ್ಲೂ ಹಾಗೇ ಎಂದುಕೊಂಡಿದ್ದೆ.

ನಮ್ಮ ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಇಬ್ಬರೂ ಒಂದೇ ವರ್ಷ ಸರ್ಕಾರಿ ಜಾಗದಲ್ಲಿ ಶೀಟು ಹೊದಿಸಿ ಕೂತವರು, ಆಮೇಲೆ ಇಟ್ಟಿಗೆ ಕಂಡವರು. ಅವರು ಲಿಂಗ ಕಟ್ಟುವ ಜನ. ಗಂಡ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಸಂಜೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಹೆಂಡತಿ ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುವವಳು. ಓದು ಬರುವುದಿಲ್ಲ. ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮಾಡದೆ ನೀರೂ ಕುಡಿಯುವುದಿಲ್ಲ. ಆಫೀಸಿನ ಅಂಗಳದಲ್ಲಿ ಬಿಲ್ವದ ಮರವಿತ್ತು. ಗುಡಿಸಿ ಬರುವಾಗ ಅವಳಿಗೆ ಎರಡು ಎಸಳು ಪತ್ರೆ ತರುತ್ತಿದ್ದೆ. ನಾವು ಮಾಂಸ ಬೇಯಿಸಿದ ದಿನ ಅವಳು ಹಿಂದಿನ ಕಿಟಕಿ ಮುಚ್ಚುತ್ತಿದ್ದಳು, ಮಾರನೆ ದಿನ ತೆಗೆಯುತ್ತಿದ್ದಳು. ಆ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಅವಳ ಬಗ್ಗೆ ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿರಬೇಕಾದ ಒಂದು ಗೊತ್ತಿರಲಿಲ್ಲ.

ಅವಳ ಗಂಡನಿಗೆ ಕೆಮ್ಮು ಹತ್ತಿತು. ವರ್ಷಾನುಗಟ್ಟಲೆ ಕೆಮ್ಮಿ, ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಹೋದ. ಬೆಳಿಗ್ಗೆ ತಂದರು. ಮನೆ ಮುಂದೆ ಕೂರಿಸಿ, ವಿಭೂತಿ ಬಳಿದು, ಹಾರ ಹಾಕಿದ್ದರು. ಮಠದಿಂದ ಸ್ವಾಮಿಗಳೊಬ್ಬರು ಬಂದರು. ಮಧ್ಯಾಹ್ನದ ಹೊತ್ತಿಗೆ ಮಣ್ಣಿಗೆ ಹೊರಟರು. ಹೆಂಗಸರೂ ಹೊರಟರು. ನಂಜನಗೂಡಿಗೆ ಕೊಟ್ಟಿದ್ದ ಮಗಳು, ಇವಳು, ಇವಳ ಓರಗಿತ್ತಿಯರು, ಎಲ್ಲರೂ. ಮನೆಗೆ ಬೀಗ ಹಾಕಿಕೊಂಡು ಹೋದರು. ನಮ್ಮಲ್ಲಿ ಹೆಂಗಸರು ಬೀದಿ ತಿರುವಿನಲ್ಲೇ ನಿಲ್ಲುತ್ತಾರೆ, ಮುಂದೆ ಹೋಗುವುದಿಲ್ಲ. ಅವರ ಪದ್ಧತಿ ಬೇರೆ ಎಂದುಕೊಂಡೆ. ಅಷ್ಟು ಅಂದುಕೊಂಡವಳಿಗೆ ಅದರ ಮುಂದಿನದು ಹೊಳೆಯಲಿಲ್ಲ.

ಅದೇ ಮಧ್ಯಾಹ್ನ ಅಳತೆಯವರು ಬಂದರು. ನಮ್ಮ ಬೀದಿಗಳಿಗೆ ಹಕ್ಕುಪತ್ರ ಕೊಡುತ್ತಾರೆ, ಮನೆ ಅಳೆದು ಹೆಸರು ಬರೆದುಕೊಳ್ಳಲು ಬರುತ್ತಾರೆ ಎಂದು ನಾನೇ ನೋಟಿಸು ಅಂಟಿಸಿ ಊರಿಗೆಲ್ಲ ಹೇಳಿದ್ದೆ. ಇಬ್ಬರು ಬಂದರು, ಒಂದು ಟೇಪು, ಒಂದು ರಿಜಿಸ್ಟರು. ನನ್ನ ಮನೆ ಅಳೆದರು, ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಫೋಟೊ ಹಿಡಿದರು. ಪಕ್ಕದ ಬಾಗಿಲಿಗೆ ಬಂದರೆ ಬೀಗ.

"ಸಾವಾಗದೆ ಸ್ವಾಮಿ. ಮಣ್ಣಿಗೆ ಹೋಗವ್ರೆ, ಸಂಜೆಗೆ ಬತ್ತಾರೆ" ಎಂದೆ.

ಇನ್ನೊಂದು ದಿನ ಬರುತ್ತೇವೆ ಎಂದು ಹೇಳಿ ಅವರಲ್ಲೊಬ್ಬರು ರಿಜಿಸ್ಟರಿನಲ್ಲಿ ಏನೋ ಬರೆದುಕೊಂಡರು. ಬರಲು ಮನಸ್ಸಿತ್ತೋ ಏನೋ, ಅಂತೂ ಬರಲಿಲ್ಲ. ಅವರು ಮುಗಿಸಬೇಕಾದ ಬೀದಿಗಳು ತುಂಬಾ ಇದ್ದವು.

ಸಾವಾದ ನಾಲ್ಕನೇ ದಿನ ಗುಮಾಸ್ತರು ಹಕ್ಕುಪತ್ರದ ಪಟ್ಟಿ ಕೊಟ್ಟರು. ಅಂಟು ಕಾಯಿಸಿಕೊಂಡು ಹೋಗಿ ಮೂರು ಗೋಡೆಗೆ ಹಚ್ಚಿದೆ. ತಳದ ಸಾಲು ನೋಡಿದೆ. ಹೆಸರು ಬಿಟ್ಟುಹೋದವರು, ತಪ್ಪಾದವರು ಏಳು ದಿನದೊಳಗೆ ದಾಖಲೆ ತೆಗೆದುಕೊಂಡು ವಾರ್ಡ್ ಆಫೀಸಿಗೆ ಬರಬೇಕು, ಆಮೇಲೆ ಪಟ್ಟಿ ಬದಲಾಗುವುದಿಲ್ಲ ಎಂದಿತ್ತು. ಆಮೇಲೆ ನಮ್ಮ ಬೀದಿಯ ಸಾಲಿಗೆ ಬೆರಳಿಟ್ಟು ಇಳಿದೆ. ನನ್ನ ಹೆಸರಿತ್ತು. ಅದರ ಕೆಳಗೆ ಪಕ್ಕದ ಮನೆಯ ನಂಬರು. ನಂಬರಿನ ಮುಂದೆ ಹೆಸರಿಲ್ಲ, ಬೀಗ ಎಂದಿತ್ತು.

ಬ್ರಷ್ಷು ಹಿಡಿದುಕೊಂಡು ಅಲ್ಲೇ ನಿಂತು ದಿನ ಎಣಿಸಿದೆ. ಕೊನೆಯ ದಿನ ಸಾವಿನ ಹತ್ತನೇ ದಿನಕ್ಕೆ ಬೀಳುತ್ತಿತ್ತು. ಸೂತಕ ಕಳೆಯುವುದು ಹನ್ನೊಂದಕ್ಕೆ. ಒಂದೆರಡು ದಿನ ಹಿಂದುಮುಂದಾದರೆ ಏನು, ಗುಮಾಸ್ತರು ನನಗೆ ಗೊತ್ತು, ಎಷ್ಟೋ ವರ್ಷದಿಂದ ಅವರ ಮೇಜು ಒರೆಸಿದವಳು ನಾನು, ಹನ್ನೆರಡನೇ ದಿನ ಅವಳನ್ನು ಕರೆದುಕೊಂಡು ಹೋಗಿ ಬರೆಸಿದರಾಯಿತು ಎಂದುಕೊಂಡೆ.

ಆ ಏಳು ದಿನ ನಾನು ಸುಮ್ಮನೆ ಕೂತಿರಲಿಲ್ಲ. ಮನೆಮನೆಗೆ ಹೋದೆ. ಎರಡು ಮನೆಗಳಲ್ಲಿ ಹೆಸರು ತಪ್ಪಾಗಿತ್ತು, ಇಬ್ಬರನ್ನೂ ಆಫೀಸಿಗೆ ಅಟ್ಟಿ ಸರಿ ಮಾಡಿಸಿದೆ. ಪ್ರತಿ ಸಲವೂ ಅವಳ ಬಾಗಿಲನ್ನು ಹಾದೇ ಹೋಗಬೇಕು. ಐದನೇ ದಿನ ಬಾಗಿಲು ತೆರೆದಿತ್ತು. ಗೋಡೆಗೊರಗಿ ಕೂತಿದ್ದಳು. ನನ್ನ ಕಾಲಿನ ಸದ್ದಿಗೆ ಮುಖ ಎತ್ತಿ ನೋಡಿದಳು. ನಾನು ಮುಖ ತಿರುಗಿಸಿಕೊಂಡು ಮುಂದಿನ ಮನೆಗೆ ಹೋದೆ. ಆರನೇ ದಿನ ಹಿತ್ತಲಿನಿಂದ ಕೂಗಿ ಪತ್ರೆ ತರುತ್ತೀಯಾ ಎಂದು ಕೇಳಿದಳು. ತಂದು ಹೊಸ್ತಿಲ ಹೊರಗೆ ಇಟ್ಟು ಬಂದೆ. ಅವಳ ಹಣೆಯಲ್ಲಿ ವಿಭೂತಿ ಇತ್ತು. ಸೂತಕದವಳಿಗೆ ಪೂಜೆಯ ಪತ್ರೆ ಯಾಕೆ ಎಂದು ಆಗ ಕೇಳಿಕೊಳ್ಳಬೇಕಿತ್ತು.

ಹನ್ನೆರಡನೇ ದಿನ ತಲೆಗೆ ಎರೆದುಕೊಂಡು, ಬಾಳೆಹಣ್ಣು ಹಿಡಿದುಕೊಂಡು ಹೋದೆ. ವಿಷಯ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಯಾವತ್ತು ಹಾಕಿದ್ರು ಇದ್ನ?"

"ನಾಕ್ನೇ ದಿನ."

"ಅವತ್ತು ನಮ್ಮ ಬಾಗ್ಲ ಮುಂದೆ ನಾಕು ಸರ್ತಿ ಓಡಾಡ್ದೆ ನೀನು."

"ಸೂತಕದ ಮನೆ ಅಂತ ಬರ್ಲಿಲ್ಲ ಕಣೆ."

ಅವಳು ನನ್ನನ್ನೇ ನೋಡಿದಳು. ಸಿಟ್ಟಿನ ನೋಟವಲ್ಲ.

"ನಮ್ಮಲ್ಲಿ ಸೂತಕ ಇಲ್ಲ ಕಣಕ್ಕ. ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ. ಮಾರ್ನೇ ದಿನ ಬಂದಿದ್ರೂ ಒಳಗೆ ಕೂರಿಸ್ತಿದ್ದೆ."

ಇಪ್ಪತ್ತು ವರ್ಷ ಒಂದೇ ಗೋಡೆ. ಅವಳು ಆಮೇಲೆ ಹೇಳಿದ್ದು ಇನ್ನೂ ಕೆಟ್ಟದಾಗಿತ್ತು. ಎಲ್ಲರ ಮನೆಗೂ ಹೋಗುವವಳು ನಮ್ಮ ಮನೆ ಮಾತ್ರ ದಾಟಿಕೊಂಡು ಹೋಗುತ್ತಿದ್ದಾಳೆ, ಯಜಮಾನರು ಹೋದಮೇಲೆ ಇವಳಿಗೂ ನಾವು ಬೇಡವಾದೆವು ಎಂದುಕೊಂಡಿದ್ದಳಂತೆ. ಅದನ್ನು ಹೇಳಿ ಎದ್ದು ಸೆರಗು ಸರಿಮಾಡಿಕೊಂಡಳು. ಆಫೀಸಿಗೆ ಹೋಗೋಣ ಎಂದಳು.

ಗುಮಾಸ್ತರು ನಮ್ಮನ್ನು ನಿಲ್ಲಿಸಿ ಕೇಳಲಿಲ್ಲ, ಕೂರಿಸಿಯೇ ಕೇಳಿದರು. ಪಟ್ಟಿ ಹಿಂದಿನ ದಿನವೇ ಮೇಲಿನ ಆಫೀಸಿಗೆ ಹೋಗಿತ್ತು. ನನ್ನ ಕೈಯಲ್ಲಿಲ್ಲ ಅಜ್ಜಿ ಎಂದರು. ಒಂದು ಹೆಸರು ಸೇರಿಸಿ ಎಂದೆ. ಅವರು ಮೊಬೈಲು ತೆಗೆದು, ಅಂಟಿಸಿದ ದಿನ ತಾವೇ ಬಂದು ಹಿಡಿದಿದ್ದ ಫೋಟೊ ತೋರಿಸಿದರು. ನಮ್ಮ ಬೀದಿಯ ಗೋಡೆ, ಗೋಡೆಯಲ್ಲಿ ಪಟ್ಟಿ, ಪಕ್ಕದಲ್ಲಿ ಅಂಟಿನ ಡಬ್ಬ ಹಿಡಿದುಕೊಂಡು ನಾನು. ನೋಟಿಸು ಅಂಟಿಸಿದ್ದೇವೆ ಎಂಬುದಕ್ಕೆ ಅದೇ ಸಾಕ್ಷಿ. ಕಾಗದದ ಪ್ರಕಾರ ಅವಳಿಗೆ ತಿಳಿಸಿ ಆಗಿತ್ತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳ ಹೆಸರಲ್ಲಿ ಒಂದು ಅರ್ಜಿ ಬರೆಸಿ ಕೊಟ್ಟು ಬಂದೆವು.

ಹಕ್ಕುಪತ್ರ ಇಲ್ಲದ ಮನೆ ಒತ್ತುವರಿ ಎಂದಾಗುತ್ತದೆ. ನಮ್ಮ ಮನೆಗಳ ಹಿಂದೆ ದೊಡ್ಡ ಮೋರಿ. ಅದನ್ನು ಅಗಲ ಮಾಡುವ ಮಾತು ಆಗಲೇ ನಡೆದಿತ್ತು. ಪತ್ರವಿದ್ದವರ ಗೋಡೆ ಬಿಟ್ಟು, ಇಲ್ಲದವರ ಗೋಡೆ ಒಡೆಯುತ್ತಾರೆ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಲ್ಲಿಯ ಹತ್ತಿರ ಸೈಕಲ್ ರಿಪೇರಿ ಮಾಡುವ ಒಬ್ಬರು ನನಗೆ ಉಪಾಯ ಹೇಳಿಕೊಟ್ಟರು. "ನಮ್ಮ ಬೀದೀಲಿ ಅಂಟಿಸ್ಲೇ ಇಲ್ಲ ಅಂತ ಬರ್ಕೊಟ್ಬುಡು. ಒಂದು ಸುಳ್ಳಿಗೆ ಒಂದು ಮನೆ ಉಳಿತದೆ" ಎಂದರು. ಒಂದು ದಿನ ಪೂರ್ತಿ ಅದನ್ನೇ ಯೋಚಿಸಿದೆ. ಫೋಟೊ ಇದೆ, ಸಿಕ್ಕಿಬೀಳುತ್ತೇನೆ, ಅವಳ ಅರ್ಜಿಯೂ ಕೆಡುತ್ತದೆ ಎಂದು ಎಲ್ಲರಿಗೂ ಹೇಳಿದೆ. ಅದು ನಿಜವೇ. ಆದರೆ ಫೋಟೊ ಇಲ್ಲದಿದ್ದರೂ ಬರೆಯುತ್ತಿರಲಿಲ್ಲವೇನೋ. ಇವಳು ಅಂಟಿಸಲಿಲ್ಲ ಎಂಬ ಮಾತು ನನ್ನ ಮೇಲೆ ಒಂದು ದಿನವೂ ಬಂದಿರಲಿಲ್ಲ. ಅವಳ ಸೂರಿಗಿಂತ ನನಗೆ ಆ ಹೆಸರೇ ದೊಡ್ಡದಾಯಿತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಕೆಲವು ತಿಂಗಳಾದ ಮೇಲೆ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿ ಹಕ್ಕುಪತ್ರ ಹಂಚಿದರು. ನನಗೂ ಸಿಕ್ಕಿತು. ಬೀದಿಯವರು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು. ನಾನು ಮಡಿಸಿ ಅಕ್ಕಿ ಡ್ರಮ್ಮಿನ ಅಡಿಗೆ ಹಾಕಿದೆ. ನನ್ನ ಸೊಸೆ ಗೊಣಗಿದಳು. ಪಕ್ಕದವಳು ಅಷ್ಟರಲ್ಲಿ ದಟ್ಟಗಳ್ಳಿಯ ಒಂದು ಮನೆಗೆ ಅಡುಗೆಗೆ ಹೋಗಲು ಶುರುಮಾಡಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆಗೆ ಬರುವಳು. ನನ್ನ ಜೊತೆ ಜಗಳವಾಡಲಿಲ್ಲ. ಊಟವಾಯ್ತಾ ಎಂದರೆ ಆಯ್ತು ಎನ್ನುತ್ತಿದ್ದಳು. ಪತ್ರೆ ಕೇಳುವುದನ್ನು ಮಾತ್ರ ನಿಲ್ಲಿಸಿದಳು. ಯಾವುದೋ ಗುಡಿಯ ಹತ್ತಿರ ಕೊಂಡು ತರುತ್ತಿದ್ದಳಂತೆ.

ಮೋರಿ ಕೆಲಸ ಬಂತು. ಪಟ್ಟಿಯಲ್ಲಿಲ್ಲದ ಮನೆಗಳ ಗೋಡೆಗೆ ಕೆಂಪು ಬಣ್ಣದ ಗುರುತು ಹಾಕಿದರು. ಮರುವಾರ ಗುಮಾಸ್ತರು ನನ್ನ ಕೈಗೆ ನಾಲ್ಕು ನೋಟಿಸು ಕೊಟ್ಟರು. ಗೋಡೆಗಲ್ಲ, ಬಾಗಿಲಿಗೇ ಅಂಟಿಸುವ ನೋಟಿಸು. ಹದಿನೈದು ದಿನದೊಳಗೆ ತೆರವು ಮಾಡತಕ್ಕದ್ದು. ಅದರಲ್ಲಿ ಒಂದು ಅವಳದು. ಬೇರೆಯವರ ಕೈಯಲ್ಲಿ ಕಳಿಸಿ ಸ್ವಾಮಿ ಎಂದೆ. ಬೇರೆ ಯಾರಿದ್ದಾರೆ ಅಜ್ಜಿ ಎಂದರು. ಯಾರೂ ಇರಲಿಲ್ಲ.

ಅಂಟಿಸುವ ದಿನವೂ ಅಂಟನ್ನು ನನ್ನ ಅಡುಗೆಮನೆಯಲ್ಲೇ ಕಾಯಿಸಿದೆ. ಕೈ ನಿಂತಿತೋ ಏನೋ, ಗಂಟಾಯಿತು. ಸೋಸಿಕೊಂಡೆ. ಭಾನುವಾರವಾದ್ದರಿಂದ ಅವಳು ಮನೆಯಲ್ಲಿದ್ದಳು. ಡಬ್ಬ ನೋಡಿದೊಡನೆ ಅವಳಿಗೆ ಗೊತ್ತಾಯಿತು. ಓದು ಎಂದಳು. ಬಾಗಿಲಲ್ಲಿ ನಿಂತು ಪೂರ್ತಿ ಓದಿದೆ, ಒಂದು ಅಕ್ಷರ ಬಿಡದೆ. ಓದಿ ಮುಗಿಸಿ ಕಾಗದವನ್ನು ಅವಳ ಕೈಗೆ ಕೊಟ್ಟೆ.

"ಕೈಗೆ ಕೊಟ್ರೆ ಆಯ್ತದಾ? ಫೋಟೊ ಹಿಡಿಬೇಕಲ್ವಾ?" ಎಂದಳು.

"ಹಿಡಿಬೇಕು."

"ಮತ್ತೆ ಅಂಟಿಸು. ನಿನ್ನ ಕೆಲ್ಸ."

ಬಾಗಿಲಿಗೆ ಅಂಟು ಬಳಿದೆ. ಕಾಗದ ವಾರೆಯಾಯಿತು. ಅವಳೇ ಬಂದು ಆ ಕಡೆಯ ಅಂಚು ಹಿಡಿದು ನೆಟ್ಟಗೆ ಮಾಡಿದಳು. ಅವಳ ಮನೆ ಒಡೆಯುವ ಕಾಗದವನ್ನು ಇಬ್ಬರೂ ಸೇರಿ ಅಂಟಿಸಿದೆವು.

ಅಂದು ಮನೆಗೆ ಬಂದು ಸೊಸೆಯ ಹತ್ತಿರ ಬಿಳಿ ಹಾಳೆ ಕೇಳಿದೆ. ನಾನು ಬರೆದುಕೊಡುತ್ತೇನೆ ಎಂದಳು, ಬೇಡ ಎಂದೆ. ನಾಲ್ಕು ಸಾಲು ಬರೆಯಲು ಎರಡು ದಿನ ಹಿಡಿಯಿತು. ಪಟ್ಟಿಯನ್ನು ನಾನು ಅಂಟಿಸಿದ್ದು ನಿಜ. ಮನೆಮನೆಗೆ ಹೋಗಿ ಹೇಳಿದ್ದೂ ನಿಜ. ಈ ಒಂದು ಮನೆಗೆ ಸೂತಕ ಎಂದುಕೊಂಡು ಹೇಳಲಿಲ್ಲ. ಅವರಿಗೆ ಸೂತಕ ಇಲ್ಲ, ನನಗೆ ಗೊತ್ತಿರಲಿಲ್ಲ, ತಪ್ಪು ನನ್ನದು. ಕೆಳಗೆ ನನ್ನ ಹೆಸರು.

ಅವಳನ್ನೂ ಕರೆದುಕೊಂಡು ಮೇಲಿನ ಆಫೀಸಿಗೆ ಹೋದೆ. ಎರಡು ದಿನ ಬೆಂಚಿನ ಮೇಲೆ ಕೂತು ಎದ್ದು ಬಂದೆವು, ಮೂರನೇ ದಿನ ಒಳಗೆ ಬಿಟ್ಟರು. ಅಲ್ಲಿದ್ದ ಅಧಿಕಾರಿ ಹೆಣ್ಣುಮಗಳು, ನನ್ನ ಸೊಸೆಯ ವಯಸ್ಸು. ನನ್ನ ಹಾಳೆಯನ್ನು ನಿಧಾನವಾಗಿ ಓದಿದರು. ಅಂಟಿಸುವುದಷ್ಟೇ ನಿಮ್ಮ ಕರ್ತವ್ಯ, ಅದನ್ನು ಮಾಡಿದ್ದೀರಿ, ಮನೆಮನೆಗೆ ಹೇಳುವುದು ನಿಮ್ಮ ಕೆಲಸವೇ ಅಲ್ಲ, ಹಾಗಿದ್ದಮೇಲೆ ನಿಮ್ಮ ತಪ್ಪು ಎಲ್ಲಿ ಬಂತು ಎಂದು ಕೇಳಿದರು.

"ಹೇಳೋದು ನನ್ನ ಕೆಲ್ಸ ಅಲ್ದೆ ಇದ್ರೆ ಮಿಕ್ಕಿದ ಮನೆಗೆಲ್ಲ ಯಾಕೆ ಹೇಳ್ದೆ ತಾಯಿ? ನಾನು ಹೇಳ್ತೀನಿ ಅಂತ್ಲೇ ಯಾರೂ ಗೋಡೆ ನೋಡಲ್ಲ. ಹೇಳೋಳು ಒಂದು ಮನೆ ಬಿಟ್ರೆ ಆ ಮನೆಗೆ ನೋಟಿಸೇ ಇಲ್ಲ" ಎಂದೆ.

ಅವರು ಪಕ್ಕದವಳ ಕಡೆ ತಿರುಗಿ, ಅಳತೆಗೆ ಬಂದ ದಿನ ನೀವೆಲ್ಲಿದ್ದಿರಿ ಎಂದು ಕೇಳಿದರು. ಮಣ್ಣು ಮಾಡ್ತಿದ್ದೆ ಎಂದಳು. ಅಷ್ಟೇ ಅಂದಳು. ಅಧಿಕಾರಿ ಆಸ್ಪತ್ರೆಯ ಚೀಟಿಯ ತಾರೀಕನ್ನೂ ರಿಜಿಸ್ಟರಿನ ತಾರೀಕನ್ನೂ ಹೋಲಿಸಿ ನೋಡಿದರು. ನನ್ನ ಹಾಳೆಯನ್ನು ಅವಳ ಅರ್ಜಿಗೆ ಸೇರಿಸಿ ಸೀಲು ಒತ್ತಿದರು. ಎರಡನೇ ಪಟ್ಟಿ ಬರುವವರೆಗೆ ಆ ಮನೆ ಮುಟ್ಟುವುದಿಲ್ಲ, ಆ ಪಟ್ಟಿಯಲ್ಲಿ ಬರುತ್ತದೋ ಇಲ್ಲವೋ ಈಗ ಹೇಳಲಾರೆ ಎಂದರು.

ಆ ಎರಡನೇ ಪಟ್ಟಿ ಬರಲು ಒಂದೂವರೆ ವರ್ಷವಾಯಿತು. ಅಷ್ಟರಲ್ಲಿ ನನಗೆ ವಯಸ್ಸಾಯಿತೆಂದು ಕೆಲಸದಿಂದ ಬಿಡಿಸಿದರು. ಮಂಡಿಯೂ ಕೈಕೊಟ್ಟಿತ್ತು. ಮೋರಿ ಅಗಲವಾಯಿತು, ಉಳಿದ ಕೆಂಪು ಗುರುತಿನ ಮನೆಗಳಲ್ಲಿ ಎರಡು ಹೋದವು. ಒಡೆಯುವವರು ಅವಳ ಗೋಡೆಯ ಹತ್ತಿರ ಬಂದು ಅಲ್ಲಿಗೇ ನಿಲ್ಲಿಸಿದರು. ಅವಳು ಆ ಗುರುತನ್ನು ಅಳಿಸಲೂ ಇಲ್ಲ, ಅದರ ಮೇಲೆ ಸುಣ್ಣ ಬಳಿಯಲೂ ಇಲ್ಲ. ದಿನಾ ಅದರ ಮುಂದೆ ಗುಡಿಸಿ ರಂಗೋಲಿ ಹಾಕಿ ಬಸ್ಸಿಗೆ ಹೋಗುತ್ತಿದ್ದಳು. ಈಗ ವಾರ್ಡಿನ ಸುದ್ದಿಯೆಲ್ಲ ಮೊಬೈಲಿನ ಗ್ರೂಪಿಗೆ ಬರುತ್ತದೆ. ಸೊಸೆ ಅದರಲ್ಲಿದ್ದಾಳೆ. ಶುಭೋದಯದ ಹೂವು, ಯಾರದೋ ಹುಟ್ಟುಹಬ್ಬ, ಅದರ ನಡುವೆ ನಾಳೆ ನೀರಿಲ್ಲ ಎಂದಿರುತ್ತದೆ. ಸೊಸೆ ಹೂವು ನೋಡಿ ಮುಚ್ಚುತ್ತಾಳೆ. ಕೊಡ ಖಾಲಿಯಾದ ಮೇಲೆ ಎಲ್ಲರೂ ನನ್ನನ್ನೇ ಬಂದು ಕೇಳುತ್ತಾರೆ.

ಹೀಗಿರುವಾಗ ಊರಿನಲ್ಲಿ ನನ್ನ ಭಾವ ತೀರಿಕೊಂಡರು, ಗಂಡನ ಅಣ್ಣ. ಬದುಕಿರುವಾಗ ನನಗೆ ಒಂದು ಹಿಡಿ ಉಪಕಾರ ಮಾಡಿದವರಲ್ಲ. ಸತ್ತು ಹನ್ನೊಂದು ದಿನ ನನ್ನನ್ನು ಮನೆಯೊಳಗೆ ಕೂರಿಸಿದರು. ದೇವರ ದೀಪ ಆರಿಸಿ ಕೂತೆವು.

ಮೂರನೇ ದಿನ ಕಸದ ಆಟೊ ಬಂತು. ಅದರ ಮೈಕಿನಲ್ಲಿ ಹಾಡು ನಿಲ್ಲಿಸಿ, ಹಕ್ಕುಪತ್ರದ ಎರಡನೇ ಪಟ್ಟಿ ಹಾಕಲಾಗಿದೆ, ಸಂಬಂಧಪಟ್ಟವರು ಗಮನಿಸಬೇಕು ಎಂದು ಕೂಗುತ್ತಾ ಹೋಯಿತು. ಸೊಸೆಯ ಮೊಬೈಲಿನಲ್ಲಿ ಅದರ ಫೋಟೊ ಬಂದಿತ್ತು, ಅಕ್ಷರ ಒಂದೂ ಕಾಣುತ್ತಿರಲಿಲ್ಲ. ನಾನು ಎದ್ದೆ. ಸೂತಕದಲ್ಲಿ ಎಲ್ಲಿಗೆ ಹೊರಟೆ ಎಂದು ಸೊಸೆ ತಡೆದಳು. ಗೋಡೆ ಯಾರ ಮನೆಯೂ ಅಲ್ಲ ಎಂದು ಹೇಳಿ ಹೋದೆ.

ನನ್ನ ಕೆಲಸಕ್ಕೆ ಹೊಸದಾಗಿ ಬಂದವಳು ಟ್ಯೂಬಿನ ಅಂಟಿನಲ್ಲಿ ನಾಲ್ಕು ಮೂಲೆಗೆ ಮಾತ್ರ ಹಚ್ಚಿದ್ದಳು, ಗಾಳಿಗೆ ಪಟಪಟ ಬಡಿಯುತ್ತಿತ್ತು. ಒಂದು ಕೈಯಲ್ಲಿ ಒತ್ತಿ ಹಿಡಿದು ತಳದ ಸಾಲು ನೋಡಿದೆ. ಪಟ್ಟಿಯಲ್ಲಿರುವವರು ಏಳು ದಿನದೊಳಗೆ ಮೂಲ ದಾಖಲೆ ತೋರಿಸಬೇಕು, ತೋರಿಸದವರ ಹೆಸರು ಕೈಬಿಡಲಾಗುವುದು. ಆಮೇಲೆ ಮೇಲಿನಿಂದ ಬೆರಳಿಟ್ಟು ಇಳಿದೆ. ನಮ್ಮ ಬೀದಿಯದು ಒಂದೇ ನಂಬರಿತ್ತು. ನಂಬರಿನ ಮುಂದೆ ಅವಳ ಹೆಸರಿತ್ತು. ಗಂಡನ ಹೆಸರಿನ ಹಿಂದೆ ದಿವಂಗತ ಎಂದಿತ್ತು. ಎರಡು ಸಲ ಓದಿದೆ, ನಂಬರನ್ನೂ ಸೇರಿಸಿ.

ಸಂಜೆ ಅವಳ ಮನೆ ಮುಂದೆ ಬೀದಿಯಲ್ಲಿ ನಿಂತುಕೊಂಡೆ. ಬಸ್ಸಿಳಿದು ಬಂದಳು. ಬೀಗ ತೆಗೆದು ಒಳಗೆ ಹೋಗುವವರೆಗೂ ನಾನು ಹತ್ತಿರ ಹೋಗಲಿಲ್ಲ. ಆಮೇಲೆ ಬೀದಿಯಿಂದಲೇ ಹೇಳಿದೆ, ಹೆಸರು ಬಂದಿದೆ, ಏಳು ದಿನವಿದೆ, ಮರಣಪತ್ರ, ಕರೆಂಟ್ ಬಿಲ್ಲು, ವೋಟಿನ ಕಾರ್ಡು, ಎಲ್ಲದರ ಮೂಲ ಬೇಕು ಎಂದು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಟ್ರಂಕಲ್ಲವೆ ಎಲ್ಲ. ಯಾವ್ದು ಯಾವ್ದು ಅಂತ ನಂಗೊತ್ತಾಗಲ್ಲ. ಒಳಗೆ ಬಾ" ಎಂದಳು.

"ನಂಗೆ ಸೂತಕ ಕಣೆ. ಭಾವ ಹೋದ್ರು, ಇವತ್ತಿಗೆ ಮೂರ್ದಿನ."

"ನಿಂಗಿರ್ಬೋದು. ಈ ಮನೆಗಿಲ್ಲ. ಬಾ."

ನನ್ನ ಜನ್ಮದಲ್ಲಿ ಸೂತಕವಿಟ್ಟುಕೊಂಡು ಇನ್ನೊಬ್ಬರ ಹೊಸ್ತಿಲು ದಾಟಿದವಳಲ್ಲ. ಅಂದು ದಾಟಿದೆ. ಬಾಗಿಲಲ್ಲಿ ಆ ಹಳೆಯ ನೋಟಿಸು ಹಾಗೇ ಇತ್ತು, ಬಿಸಿಲಿಗೆ ಅಕ್ಷರ ಮಾಸಿತ್ತು, ಅಂಟು ಮಾತ್ರ ಬಿಟ್ಟಿರಲಿಲ್ಲ. ಅವಳು ಟ್ರಂಕು ಎಳೆದು ನನ್ನ ಮುಂದಿಟ್ಟು ದೀಪ ಹಾಕಿದಳು. ನೆಲದ ಮೇಲೆ ಕೂತು ಕಾಗದ ಒಂದೊಂದೇ ತೆಗೆದು ಓದಿ ಬೇರೆ ಮಾಡಿದೆ. ಗಿರಣಿಯ ಚೀಟಿಗಳು, ಆಸ್ಪತ್ರೆಯ ಚೀಟಿಗಳು, ಮಗಳ ಲಗ್ನಪತ್ರಿಕೆ, ಅದರ ಕೆಳಗೆ ಮರಣಪತ್ರ. ಬೇಕಾದದ್ದನ್ನು ಒಂದು ಕವರಿಗೆ ಹಾಕಿದೆ. ಅವಳು ಕಾಫಿ ತಂದಿಟ್ಟಳು. ಕುಡಿದೆ.

ಮಾರನೆ ದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಆಫೀಸು ತೆರೆಯುವ ಮೊದಲೇ ಇಬ್ಬರೂ ಬಾಗಿಲಲ್ಲಿ ನಿಂತಿದ್ದೆವು. ಪತ್ರ ಕೈಗೆ ಬರಲು ಮತ್ತೆ ಮೂರು ತಿಂಗಳು ಹಿಡಿಯಿತು, ಈ ಸಲ ಶಾಮಿಯಾನ ಇರಲಿಲ್ಲ, ಮೇಜಿನ ಆಚೆಯಿಂದ ಕೊಟ್ಟರು. ಅವಳು ಅದನ್ನು ನನ್ನ ಕೈಗೆ ಕೊಟ್ಟು ಓದು ಎಂದಳು. ಅಲ್ಲೇ ನಿಂತು ಓದಿ ಹೇಳಿದೆ. ಮನೆಗೆ ಬಂದವಳೇ ಕುಡುಗೋಲು ತೆಗೆದುಕೊಂಡು ಬಾಗಿಲ ಮೇಲಿನ ನೋಟಿಸನ್ನು ಹೆರೆಯತೊಡಗಿದಳು. ಬರಲಿಲ್ಲ. ಬಿಸಿನೀರು ತಂದು ನೆನೆಸಬೇಕು, ಅಂಟು ಇಳಿಯಲು ಅರ್ಧ ಗಂಟೆ ಬೇಕು ಎಂದು ಹೇಳಿ ನಾನೇ ನೀರು ಕಾಯಿಸಲು ಹೋದೆ.